ತೂತು ಕಂಡ ಕೂಡಲೇ ತೊಲೆ ಇಳಿಸಬೇಡಿ

"ಸರ್, ತೊಲೆಗೆ ಕುಟ್ಟೆ ಹಿಡಿದಿದೆ, ತೆಗೆಸಿಬಿಡೋಣ್ವಾ?" ಮಲೆನಾಡಿನ ಹಳೇ ಮನೆಯವರು ಕಳಿಸುವ ಫೋಟೊಗಳ ಜೊತೆ ಇದೇ ಪ್ರಶ್ನೆ. ಫೋಟೊದಲ್ಲಿ ಕಾಣುವುದು ಬರೀ ತೂತು.

ದಯವಿಟ್ಟು ಕೇಳಿ. ಸಣ್ಣ ಹಿಟ್ಟು ಉದುರಿಸುವ ಲಿಕ್ಟಸ್ ಜಾತಿಯ ಕುಟ್ಟೆ ಹುಳದ ವಿಷಯದಲ್ಲಿ ಆ ತೂತು ಒಳಗೆ ಹೋದ ದಾರಿಯಲ್ಲ, ಹೊರಗೆ ಬಂದ ದಾರಿ. ಅದು ಮೊಟ್ಟೆ ಇಡುವುದು ಮರದ ಸೂಕ್ಷ್ಮ ರಂಧ್ರಗಳಲ್ಲಿ. ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮರಿ ಒಳಗೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ 1-2 ಮಿಲಿಮೀಟರ್ ತೂತು ಕೊರೆದು ಹಾರಿಹೋಗುತ್ತದೆ. ನೀವು ನೋಡುತ್ತಿರುವ ತೂತು ನಿಮ್ಮ ಅಜ್ಜನ ಕಾಲದ್ದೂ ಇರಬಹುದು. ಹುಳ ಈಗಲೂ ಇದೆಯಾ ಅನ್ನುವುದನ್ನು ತೂತು ಹೇಳುವುದಿಲ್ಲ, ಹೊಸದಾಗಿ ಉದುರಿದ ಹಿಟ್ಟು ಹೇಳುತ್ತದೆ.

ಈ ಹುಳಕ್ಕೆ ಬೇಕಾದದ್ದು ಮರದೊಳಗಿನ ಪಿಷ್ಟ. ಅದು ಇರುವುದು ಹೊರಸುತ್ತಿನ ಬಿಳಿ ಭಾಗದಲ್ಲಿ. ತೇಗ, ಹೊನ್ನೆ, ಬೀಟೆಯ ಕೆಚ್ಚಿನಲ್ಲಿ, ಅಂದರೆ ಒಳಗಿನ ಗಟ್ಟಿ ಭಾಗದಲ್ಲಿ, ಅದಕ್ಕೆ ಊಟವಿಲ್ಲ. ಬಿಳಿ ಭಾಗದಲ್ಲೂ ವರ್ಷ ಕಳೆದಂತೆ ಪಿಷ್ಟ ಕಮ್ಮಿಯಾಗುತ್ತದೆ. ಕಡಿದ ಬಿದಿರನ್ನು ಹಿರಿಯರು ವಾರಗಟ್ಟಲೆ ಹಳ್ಳದ ನೀರಿನಲ್ಲಿ ಹಾಕಿಡುತ್ತಿದ್ದರಲ್ವಾ, ಅದರಿಂದಲೂ ಆಗುತ್ತಿದ್ದದ್ದು ಇದೇ: ಪಿಷ್ಟ ಕಮ್ಮಿಯಾಗುತ್ತಿತ್ತು.

ಸಾಗರದ ಕಡೆಯ ಒಂದು ಮನೆಯಲ್ಲಿ ಹೊನ್ನೆ ಕಂಬದ ಅಂಚು ಜರಡಿಯಂತಿತ್ತು. ಸ್ಕ್ರೂಡ್ರೈವರ್ ಚುಚ್ಚಿದೆ. ಕಾಲಿಂಚು ಪುಡಿಯಾಯಿತು, ಆಮೇಲೆ ಮೊನೆ ಇಳಿಯಲೇ ಇಲ್ಲ. ಆದರೆ ಜಗಲಿಯ ಬೆಂಚಿನ ಮೇಲೆ ಅಜ್ಜಿ ದಿನಾ ಬೆಳಿಗ್ಗೆ ಹಿಟ್ಟು ಗುಡಿಸುತ್ತಿದ್ದರು. ಅದು ಬೀಳುತ್ತಿದ್ದದ್ದು ಕಂಬದಿಂದಲ್ಲ, ಮೇಲೆ ಹೊಸದಾಗಿ ಹೊಡೆಸಿದ್ದ, ಔಷಧಿ ಕಾಣದ ರಬ್ಬರ್ ಮರದ ರೀಪಿನಿಂದ. ಮಗ ಕಂಬ ಬದಲಿಸಲು ಹೊರಟಿದ್ದ! ಅಜ್ಜಿ ಬಿಡಲಿಲ್ಲ, ಪುಣ್ಯ.

ಎಲ್ಲ ಹಳೇ ಮರವೂ ಸುರಕ್ಷಿತ ಅಂತ ನಾನು ಹೇಳುತ್ತಿಲ್ಲ. ಒಣಗಿದ ಹಳೇ ಮರವನ್ನೂ ವರ್ಷಗಟ್ಟಲೆ ಕೊರೆಯುವ ಉದ್ದ ಮೀಸೆಯ ದುಂಬಿಗಳಿವೆ. ಅವುಗಳ ತೂತು ದೊಡ್ಡದು, ಮೊಟ್ಟೆಯಾಕಾರದ್ದು. ಗೋಡೆಯೊಳಗೆ ಸೇರಿದ ತೊಲೆಯ ತುದಿ ಮಳೆನೀರು ಕುಡಿದಿದ್ದರೆ ಗೆದ್ದಲೂ ಕೊಳೆತವೂ ಬರುತ್ತವೆ. ಹಾಗಾಗಿ ಫೋಟೊ ನೋಡಿ ನಾನು ಭರವಸೆ ಕೊಡುವುದಿಲ್ಲ.

ಮೊದಲು ತೊಲೆಯನ್ನು ಬ್ರಷ್‌ನಿಂದ ಚೆನ್ನಾಗಿ ಕೊಡವಿ, ಕೆಳಗೆ ಕಪ್ಪು ಕಾಗದ ಹಾಸಿ. ಮೂರು ವಾರ ಮುಟ್ಟಬೇಡಿ. ಹೊಸ ಹಿಟ್ಟು ಬಿದ್ದರೆ ಅದು ಯಾವ ಮರದ ಕೆಳಗೆ ಅಂತ ಗುರುತು ಹಾಕಿ, ಆಮೇಲೆ ಕರೆಯಿರಿ. ಅಲ್ಲಿಯವರೆಗೆ ಪೇಂಟ್ ಮಾತ್ರ ಬಳಿಸಬೇಡಿ. ಹುಳಕ್ಕೆ ಹಚ್ಚುವ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣ ಬರಿಮೈ ಮರಕ್ಕೆ ಮಾತ್ರ ಇಳಿಯುತ್ತದೆ.