ಎಡಗಾಲಿನ ಶೂ ಮೊದಲು ಕಟ್ಟಿದರೆ ತಪ್ಪೇನು?

ಪ್ರಶ್ನೆ: ಸೇನೆ ಸೇರಬೇಕು ಅಂತ ನನ್ನ ಮಗ ಮಂಡ್ಯದ ಸ್ಟೇಡಿಯಂನಲ್ಲಿ ದಿನಾ ಓಡುತ್ತಾನೆ. ಓಡುವ ಮುಂಚೆ ಎಡಗಾಲಿನ ಶೂ ಮೊದಲು ಕಟ್ಟಬೇಕು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇದು ಮೂಢನಂಬಿಕೆ ಅಲ್ವಾ? ಸೈನಿಕರೂ ಹೀಗೆ ಮಾಡ್ತಾರಾ?

ಉತ್ತರ: ಮಾಡುತ್ತಾರೆ, ಆದರೆ ಸ್ವಲ್ಪ ಬೇರೆ ಥರ. ಅದು ಅರ್ಥವಾಗಬೇಕಾದರೆ ಮೈಸೂರಿನ ಹಳೇ ಗರಡಿಯೊಂದಕ್ಕೆ ಬೆಳಗಿನ ಜಾವ ಹೋಗಿ ನೋಡಿ. ಹುಡುಗರು ಬಂದವರೇ ಆಂಜನೇಯನಿಗೆ ಕೈ ಮುಗಿದು, ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ ಇಳಿದು ಚಿಟಿಕೆ ಮಣ್ಣು ಹಣೆಗಿಟ್ಟುಕೊಳ್ಳುತ್ತಾರೆ. ಆಮೇಲೆ ಗುದ್ದಲಿ ಹಿಡಿದು ಮಟ್ಟಿಯನ್ನೆಲ್ಲ ಅಗೆಯುತ್ತಾರೆ. ನೋಡುವವರಿಗೆ ಇದೂ ಪೂಜೆಯ ಭಾಗವೇ ಅನ್ನಿಸುತ್ತೆ. ಆದರೆ ಗಟ್ಟಿ ನೆಲಕ್ಕೆ ಬೆನ್ನು ಬಡಿದರೆ ಹೇಗಿರುತ್ತೆ ಅಂತ ಬಿದ್ದವನನ್ನು ಕೇಳಿ. ಅಗೆದರೆ ಮಣ್ಣು ಸಡಿಲ, ಮೈಯೂ ಬಿಸಿ. ಎದುರಾಳಿಯ ಮೈಗೆ ಮಣ್ಣು ಎರಚುವುದು ಬೆವರಿಗೆ ಪಟ್ಟು ಜಾರದಿರಲಿ ಅಂತ. ಹಣೆಯ ಮೇಲಿನ ಚಿಟಿಕೆ ಮಣ್ಣು ಮಾತ್ರ ಮನಸ್ಸಿಗೆ.

ಗಾರ್ಡ್ ಡ್ಯೂಟಿಗೆ ಹೊರಡುವ ಸಿಪಾಯಿಯದೂ ಇದೇ ಬೆರಕೆ. ಬೂಟು, ಬೆಲ್ಟು, ಇಸ್ತ್ರಿ ಇದ್ದದ್ದೇ. ಮುಖ್ಯವಾದದ್ದು ರೈಫಲ್. ಪುಲ್‌ಥ್ರೂ ಹಗ್ಗಕ್ಕೆ ಬಟ್ಟೆ ಚೂರು ಸಿಕ್ಕಿಸಿ ನಳಿಕೆಯೊಳಗಿಂದ ಎಳೆಯುತ್ತಾರೆ. ಅವರ ಬಾಯಲ್ಲಿ ಅದು ‘ಚಿಂದಿ’. ಚಿಂದಿ ಬೆಳ್ಳಗೆ ಬರುವ ತನಕ ಎಳೆಯಬೇಕು. ಆಮೇಲೆ ಸಾಲಾಗಿ ನಿಂತಾಗ ‘ಜಾಂಚ್ ಶಸ್ತ್ರ’ ಅಂತ ಆರ್ಡರ್ ಬರುತ್ತೆ. ರೈಫಲ್ಲನ್ನು ಎದೆ ಮುಂದೆ ಓರೆಯಾಗಿ ಹಿಡಿದು, ಚೇಂಬರ್ ಖಾಲಿ ಇದೆ ಅಂತ ತೋರಿಸಬೇಕು. ಬೆಳಿಗ್ಗೆ ತಾನೇ ನೋಡಿದ್ದೆ ಸಾರ್ ಅಂದರೆ ನಡೆಯುವುದಿಲ್ಲ. ಒಳಗೊಂದು ಗುಂಡು ಉಳಿದಿದ್ದರೆ ಸಾಯುವವನು ಪಕ್ಕದವನು.

ಮನಸ್ಸಿಗೆ ಬೇಕಾದದ್ದೂ ಅಲ್ಲಿದೆ. ಮದ್ರಾಸ್ ರೆಜಿಮೆಂಟಿನ ಕೂಗು ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’. (ಹೊಡೆ, ಕೊಲ್ಲು ಅಂತ!) ಭಯ ಹೊಟ್ಟೆಯಲ್ಲಿ ಕೂತಾಗ ಪಕ್ಕದ ಹತ್ತು ಗಂಟಲು ಒಟ್ಟಿಗೆ ಕೂಗಿದರೆ ಕಾಲು ತಾನಾಗಿ ಮುಂದೆ ಹೋಗುತ್ತೆ.

ಆಟಗಾರರ ಕಡೆ ಬಂದರೆ ಈ ಮನಸ್ಸಿನ ಪಾಲೇ ಜಾಸ್ತಿ. ಆಸ್ಟ್ರೇಲಿಯಾದ ಕ್ರಿಕೆಟಿಗ ಸ್ಟೀವ್ ವಾ ಜೇಬಿನಲ್ಲಿ ಕೆಂಪು ಕರ್ಚೀಫ್ ಇಲ್ಲದೆ ಬ್ಯಾಟಿಂಗ್‌ಗೆ ಇಳಿಯುತ್ತಿರಲಿಲ್ಲ. ಟೆನಿಸ್ ಆಟಗಾರ ನಡಾಲ್ ಕುರ್ಚಿ ಮುಂದೆ ಎರಡು ಬಾಟಲಿಗಳನ್ನು ಒಂದೇ ಗೆರೆಗೆ ಜೋಡಿಸಿಡುತ್ತಿದ್ದರು. ಅದು ಅದೃಷ್ಟಕ್ಕಲ್ಲ, ತಲೆಯೊಳಗೆ ಬೇಕಾದ ಶಿಸ್ತನ್ನು ಹೊರಗೂ ಇಟ್ಟುಕೊಳ್ಳೋಕೆ ಅಂತ ಅವರೇ ಹೇಳಿಕೊಂಡಿದ್ದಾರೆ. ನನಗೆ ಈ ಮಾತು ಒಪ್ಪಿಗೆ. ಕರ್ಚೀಫ್ ಬಗ್ಗೆ ಸ್ವಲ್ಪ ಅನುಮಾನ. ಅದು ಕಳೆದುಹೋದ ದಿನ ಏನು ಗತಿ?

ನಿಮ್ಮ ಮಗನ ವಿಷಯದಲ್ಲೂ ನೋಡಬೇಕಾದದ್ದು ಇಷ್ಟೇ. ಭರ್ತಿ ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟಕ್ಕೆ ಗುಂಪು ಗುಂಪಾಗಿ ಬಿಡುತ್ತಾರೆ. ಹಿಂದಿನಿಂದ ನೂಕಾಟ, ಮುಂದೆ ವಿಸಿಲ್. ಬಗ್ಗಿ ನೆಲ ಮುಟ್ಟೋಕೆ ಜಾಗ ಸಿಗದೆ ಹೋದರೆ ಎದೆ ಡವಡವ ಅನ್ನಬಾರದು. ಅದಕ್ಕೆ ಈಗಲೇ ಒಂದು ವಾರ ಬಲಗಾಲಿನ ಶೂ ಮೊದಲು ಕಟ್ಟಿ, ನೆಲ ಮುಟ್ಟದೆ ಓಡಲಿ. ಸ್ಟಾಪ್‌ವಾಚ್ ನೀವೇ ಹಿಡಿದುಕೊಳ್ಳಿ. ಟೈಮ್ ಮೊದಲಿನಷ್ಟೇ ಬಂದರೆ ಆಮೇಲೆ ಅವನಿಷ್ಟ, ನೆಲ ಮುಟ್ಟಲಿ ಬಿಡಿ. ಹೇಗೂ ಬಗ್ಗುತ್ತಾನಲ್ಲ, ಲೇಸಿಗೆ ಎರಡು ಗಂಟು ಬಿದ್ದಿದೆಯಾ ಅಂತಾನೂ ಒಮ್ಮೆ ನೋಡಿಕೊಳ್ಳಲಿ.