ನಿಂತಲ್ಲೇ ನಡುಗಿದ ಆನೆ

ಮಕ್ಕಳಿಗೆ ರೋಬೋ ಮಾಡಲು ಕಲಿಸುವ ನಮ್ಮ ಶಿಬಿರದಲ್ಲಿ ಹೋದ ಬೇಸಿಗೆ ಒಂಬತ್ತು ವರ್ಷದ ಹುಡುಗಿಯೊಬ್ಬಳು, ಬಿಡಿಭಾಗ ಜೋಡಿಸಿ ಮಾಡುವ, ಮೋಟಾರಿನಿಂದ ನಡೆಯುವ ಆನೆಯ ಕಿಟ್ ಜೋಡಿಸಿದಳು. ಸ್ವಿಚ್ ಹಾಕಿದರೆ ಆನೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ನಿಂತಲ್ಲೇ ಗಡಗಡ ನಡುಗಿತು. "ಸರ್, ಇದಕ್ಕೆ ಚಳಿಜ್ವರ ಬಂದಿದೆ" ಅಂದಳು.

ತಪ್ಪು ನನಗೆ ಆಗಲೇ ಕಂಡಿತ್ತು. ಗೇರ್ ಬಾಕ್ಸಿನ ಎರಡೂ ಬದಿಯಲ್ಲಿ ಕಾಲುಗಳನ್ನು ಆಡಿಸುವ ಕ್ರ್ಯಾಂಕ್, ಅಂದರೆ ಸುತ್ತುವ ಪುಟ್ಟ ತೋಳು ಇರುತ್ತದೆ. ಒಂದು ಮೇಲಿದ್ದಾಗ ಇನ್ನೊಂದು ಕೆಳಗಿರಬೇಕು. ಇವಳು ಎರಡನ್ನೂ ಒಂದೇ ಕಡೆಗೆ ಕೂರಿಸಿದ್ದಳು. ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ಹೇಳಲಿಲ್ಲ. "ನೀನೇ ಸ್ವಲ್ಪ ಅಂಬೆಗಾಲಿಟ್ಟು ತೋರಿಸು ನೋಡೋಣ" ಅಂದೆ.

ನಾಚಿಕೊಂಡು ನಾಲ್ಕು ಹೆಜ್ಜೆ ಹೋದಳು. ತಟ್ಟನೆ ನಿಂತಳು. ಬಲಗೈ ಮುಂದೆ ಹೋದಾಗ ಎಡ ಮಂಡಿ ಮುಂದೆ ಬರುತ್ತಿತ್ತು. ಎರಡೂ ಕೈ ಒಟ್ಟಿಗೆ ಎತ್ತಿ ನೋಡಿದಳು. ಮೂಗು ನೆಲಕ್ಕೆ ತಾಗುವುದರಲ್ಲಿತ್ತು. ಎದ್ದು ಬಂದವಳೇ ಸ್ಕ್ರೂಡ್ರೈವರ್ ತಗೊಂಡು ಒಂದು ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿ ಹಾಕಿದಳು.

ಪ್ರಾಣಿಯ ಕಿಟ್ಟಿನಿಂದಲೇ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಕಾರಿನ ಚಕ್ರ ಉರುಳಿದರೆ ಮುಗಿಯಿತು, ಮಗು ಮುಂದೆ ಕೇಳುವುದಿಲ್ಲ. ಹಸು, ನಾಯಿ ಹೇಗೆ ನಡೆಯುತ್ತವೆ ಅಂತ ಅದು ದಿನಾ ನೋಡಿರುತ್ತದೆ. ಆಟಿಕೆ ತಪ್ಪಾಗಿ ನಡೆದರೆ ಮೇಷ್ಟ್ರು ಬೇಡ, ಕಣ್ಣೇ ಹೇಳುತ್ತದೆ.

ಮೊದಮೊದಲು ನಾನೂ ಕೈಯಿಂದ ಕಿತ್ತುಕೊಂಡು ಸರಿ ಮಾಡಿಕೊಡುತ್ತಿದ್ದೆ. ಹಾಗೆ ಮಾಡಿಕೊಟ್ಟ ಜಿರಾಫೆಯನ್ನು ಹುಡುಗನೊಬ್ಬ ಪಕ್ಕದ ಮನೆಯವರ ಆಟಿಕೆ ಥರ ನೋಡಿಕೊಂಡು ಕೂತಿದ್ದ. ಆಮೇಲೆ ಬಿಟ್ಟೆ. ಅಪ್ಪಂದಿರು ಮಾತ್ರ ಇನ್ನೂ ಬಿಟ್ಟಿಲ್ಲ!

ಮೊದಲ ಕಿಟ್ಟಿಗೆ ಒಂದು ಮೋಟಾರ್, ಒಂದೆರಡು ಪೆನ್ಸಿಲ್ ಸೆಲ್ ಸಾಕು. ಜಪಾನಿನ ತಮಿಯಾ ಕಂಪನಿ ಇಂಥ ಹುಲಿ, ಜಿರಾಫೆ, ಕಾಂಗರೂಗಳನ್ನು ಮಾಡುತ್ತದೆ. ಯಾರದ್ದೇ ಇರಲಿ, ಗೇರುಗಳು ಕಾಣುವಂತಿರಲಿ. ಎಂಟು ಹಲ್ಲಿನ ಚಿಕ್ಕ ಗೇರಿಗೆ ಮಾರ್ಕರಿನಲ್ಲಿ ಚುಕ್ಕೆ ಇಟ್ಟು ಕೈಯಲ್ಲೇ ತಿರುಗಿಸಲು ಹೇಳಿ. ಅದು ನಾಲ್ಕು ಸುತ್ತು ಬಂದಾಗ 32 ಹಲ್ಲಿನ ದೊಡ್ಡದು ಒಂದೇ ಸುತ್ತು ಬರುತ್ತದೆ. ವೇಗ ಕೊಟ್ಟು ಬಲ ತಗೊಳ್ಳುವ ವ್ಯಾಪಾರ ಇದು. ಪ್ರಾಣಿ ಹಿಂದಕ್ಕೆ ನಡೆದರೆ ಮೋಟಾರಿನ ಎರಡು ವೈರ್ ಅದಲುಬದಲು ಮಾಡಿದರಾಯಿತು. ಟೈಲ್ಸ್ ಮೇಲೆ ಜಾರಿದರೆ ಪಾದಕ್ಕೆ ಹಳೇ ಸೈಕಲ್ ಟ್ಯೂಬಿನ ಚೂರು ಅಂಟಿಸಿ.

ಮೊಬೈಲಿನಿಂದ ಆಡಿಸುವ, ಹತ್ತಾರು ಸರ್ವೋ ಮೋಟಾರಿನ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರ್) ನಾಯಿ ಮೊದಲೇ ಬೇಡ. ಬಿದ್ದರೆ ತಪ್ಪು ಪ್ರೋಗ್ರಾಮಿನಲ್ಲೋ ಸಡಿಲ ಸ್ಕ್ರೂನಲ್ಲೋ ಅಂತ ಮಗುವಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ನನಗೂ ತಿಳಿದಿಲ್ಲ.

ಒಂದು ಮಾತು. ಡಬ್ಬಿ ಮೇಲೆ ಏನೇ ಬರೆದಿರಲಿ, ಸುಮ್ನೆ ನಡೆಯುವ ಆನೆ ರೋಬೋ ಅಲ್ಲ. ಗೋಡೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ ಅಲ್ವಾ? 1948–49ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅನ್ನುವ ಮಿದುಳು ವಿಜ್ಞಾನಿ ಎಲ್ಮರ್, ಎಲ್ಸಿ ಅಂತ ಎರಡು ಯಂತ್ರದ ಆಮೆ ಮಾಡಿದ್ದರು. ಕಂಪ್ಯೂಟರ್ ಇರಲಿಲ್ಲ. ಒಂದೊಂದರಲ್ಲೂ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಎರಡೇ. ಆದರೂ ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ಏನಾದರೂ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತಿದ್ದವು.

ನಮ್ಮ ಎರಡನೇ ಪಾಠ ಅದರ ಮರಿ. ಎರಡು ಮೋಟಾರಿನ ಒಂದು ಹುಳು, ಕಣ್ಣಿನ ಜಾಗದಲ್ಲಿ ಬೆಳಕಿಗೆ ಸ್ಪಂದಿಸುವ ಎರಡು ಎಲ್‌ಡಿಆರ್, ನಡುವೆ ಕಣ್ಣಿನ ಸಣ್ಣ ಕರೆಂಟನ್ನು ಮೋಟಾರಿಗೆ ಸಾಕಾಗುವಷ್ಟು ಹೆಚ್ಚಿಸುವ ಟ್ರಾನ್ಸಿಸ್ಟರ್. ಎಡಗಣ್ಣನ್ನು ಬಲ ಮೋಟಾರಿಗೆ, ಬಲಗಣ್ಣನ್ನು ಎಡ ಮೋಟಾರಿಗೆ ಜೋಡಿಸಬೇಕು. ಎಡಕ್ಕೆ ಟಾರ್ಚ್ ಹಿಡಿದರೆ ಬಲ ಮೋಟಾರ್ ಜೋರಾಗಿ ಓಡಿ, ಹುಳು ಬೆಳಕಿನ ಕಡೆ ತಿರುಗುತ್ತದೆ.

ಒಬ್ಬ ಹುಡುಗ ವೈರುಗಳನ್ನು ಅಡ್ಡ ಹಾಯಿಸದೆ ಎಡಕ್ಕೆ ಎಡ, ಬಲಕ್ಕೆ ಬಲ ಕೊಟ್ಟುಬಿಟ್ಟ. ಟಾರ್ಚ್ ಹಿಡಿದದ್ದೇ ತಡ, ಹುಳು ಮುಖ ತಿರುಗಿಸಿಕೊಂಡು ಬೆಂಚಿನ ಕೆಳಗಿನ ಕತ್ತಲೆಗೆ ಓಡಿತು.

"ತಪ್ಪಾಯ್ತು ಸರ್, ಬಿಚ್ಚಿ ಹಾಕ್ಲಾ?"

"ಬೇಡ. ಇದು ಯಾವ ಪ್ರಾಣಿ ಹೇಳು."

ಬಗ್ಗಿ ಬೆಂಚಿನ ಕೆಳಗೆ ಟಾರ್ಚ್ ಬಿಟ್ಟ. ಅದು ಇನ್ನೊಂದು ಮೂಲೆಗೆ ಓಡಿತು. "ಜಿರಳೆ!" ಅಂದ.