ಸೇತುವೆ ದಾಟಿದರೆ ನಾಮ್‌ಡ್ರೋಲಿಂಗ್

ಕೊಡಗಿನ ಪ್ರವಾಸ ಅಂದ ತಕ್ಷಣ ಗೋಲ್ಡನ್ ಟೆಂಪಲ್, ಅಂದರೆ ಬೈಲಕುಪ್ಪೆಯ ಟಿಬೆಟಿಯನ್ ಬೌದ್ಧ ಮಠ ನಾಮ್‌ಡ್ರೋಲಿಂಗ್‌ನ ಮಂದಿರ ನೆನಪಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಜಿಲ್ಲೆ ಕೇಳಿದರೆ ಕೊಡಗು ಎಂದು ಬರೆಯಬೇಡಿ. ಕುಶಾಲನಗರ ಕೊಡಗಿನದು. ಕಾವೇರಿ ಸೇತುವೆ ದಾಟಿದ ಕೂಡಲೇ ಕೊಪ್ಪ, ಅಂದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಬೈಲಕುಪ್ಪೆಯೂ ಆ ಕಡೆಯೇ. ಇಲ್ಲಿ ಹೊಳೆಯೇ ಗಡಿ. ಬೈಲಕುಪ್ಪೆಯ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿನ ಭಿಕ್ಷುಗಳು ಕುಶಾಲನಗರದ ಅಂಗಡಿಗೆ ಬರುತ್ತಾರೆ, ನಾವು ಮೊಮೊ ತಿನ್ನೋಕೆ ಅತ್ತ ಹೋಗುತ್ತೇವೆ. ಅದಕ್ಕೇ ಈ ಗೊಂದಲ.

1959ರಲ್ಲಿ ಟಿಬೆಟಿನ ಧರ್ಮಗುರು ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲೆ ಬೇಕಿತ್ತು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಅವರು ಬದುಕು ಕಟ್ಟಿಕೊಂಡರು. 1963ರಲ್ಲಿ ಟಿಬೆಟಿನ ಬೌದ್ಧ ಗುರು ಪೆನೋರ್ ರಿಂಪೋಚೆ ಅಲ್ಲಿ ನಾಮ್‌ಡ್ರೋಲಿಂಗ್ ಮಠ ಶುರು ಮಾಡಿದರು. ಮೊದಲ ಗುಡಿ ಬಿದಿರಿನದು. ಈಗ ಎಲ್ಲರೂ ಫೋಟೊ ತೆಗೆಯುವ ಚಿನ್ನದ ಬಣ್ಣದ ಮಂದಿರ ತೆರೆದದ್ದು 1999ರಲ್ಲಿ. ಆ ಬಿದಿರಿನ ಗುಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಒಳಗೆ ಹೋಗಿ.

ಒಳಗಿನ ಮೂರು ಮೂರ್ತಿಗಳನ್ನು ಬಹಳ ಜನ ‘ಮೂರು ಬುದ್ಧರು’ ಅಂದುಬಿಡುತ್ತಾರೆ. ಹಾಗಲ್ಲ. ನಡುವೆ ಇರುವವರು ಶಾಕ್ಯಮುನಿ, ಅಂದರೆ ಗೌತಮ ಬುದ್ಧ. ಎತ್ತರ 60 ಅಡಿ. ಅಕ್ಕಪಕ್ಕದವು 58 ಅಡಿ. ತಲೆಗೆ ಟೋಪಿ ಇದ್ದರೆ ಪದ್ಮಸಂಭವ, 8ನೇ ಶತಮಾನದಲ್ಲಿ ಟಿಬೆಟ್‌ಗೆ ಹೋಗಿ ಬೌದ್ಧ ಧರ್ಮ ಬೇರೂರಿಸಿದ ಗುರು. ಮಡಿಲಲ್ಲಿ ಕಲಶ ಇದ್ದರೆ ಅಮಿತಾಯುಸ್. ಹೆಸರೇ ಹೇಳುವಂತೆ ಅಳತೆಯಿಲ್ಲದ ಆಯುಸ್ಸಿನ ಬುದ್ಧ. ಟೋಪಿ, ಕಲಶ, ಇಷ್ಟು ನೆನಪಿಟ್ಟರೆ ಸಾಕು.

ಪದ್ಮಸಂಭವನಿಗೆ ಇಲ್ಲಿ ಇಷ್ಟು ದೊಡ್ಡ ಜಾಗ ಯಾಕೆ? ಈ ಮಠ ನಿಂಗ್ಮಾ ಪಂಥದ್ದು. ನಿಂಗ್ಮಾ ಅಂದರೆ ‘ಹಳೆಯದು’. ಟಿಬೆಟಿನ ನಾಲ್ಕು ಮುಖ್ಯ ಪಂಥಗಳಲ್ಲಿ ಇದೇ ಎಲ್ಲಕ್ಕಿಂತ ಹಳತು, ಪದ್ಮಸಂಭವನೇ ಇದರ ಮೂಲಗುರು. ಬೈಲಕುಪ್ಪೆಯಲ್ಲೇ ಇರುವ ಸೆರಾ ಮಠ ಬೇರೆ. ಅದು ದಲೈ ಲಾಮಾ ಅವರ ಗೆಲುಗ್ ಪಂಥದ್ದು, 1419ರಲ್ಲಿ ಲ್ಹಾಸಾ ಬಳಿ ಹುಟ್ಟಿ ಇಲ್ಲಿ ಮತ್ತೆ ಚಿಗುರಿದ್ದು. ಇವೆರಡನ್ನು ಬೆರೆಸುವವರೇ ಜಾಸ್ತಿ.

ಸಾಧ್ಯವಾದರೆ ಪ್ರಾರ್ಥನೆಯ ಹೊತ್ತಿಗೆ ಹೋಗಿ, ಗೋಡೆಯ ಪಕ್ಕ ಸುಮ್ನೆ ಕೂತುಕೊಳ್ಳಿ. ಉದ್ದ ಕಹಳೆ, ದೊಡ್ಡ ನಗಾರಿ, ನೂರಾರು ದನಿಗಳು ಒಟ್ಟಿಗೆ ಏಳುತ್ತವೆ. ಪುಟ್ಟ ಹುಡುಗರೂ ಸಾಲಿನಲ್ಲಿ ಕೂತು ಓದುತ್ತಿರುತ್ತಾರೆ. ಅದು ಅವರ ಪಾಠಶಾಲೆ ಕೂಡ.